ಮುನ್ನೂರು ಜನರ ಊರು: ಸ್ವಿಸ್ ಟೂರಿಗೆ ಹೊರಟ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಸ್ವಿಟ್ಜರ್ಲೆಂಡ್ ನೋಡಲು ಹೊರಟಿರುವ ಬಂಧುಗಳೇ, ಅವರನ್ನು ಗುಂಪು ಕಟ್ಟಿಕೊಂಡು ಕರೆತರುವ ಟೂರ್ ಮ್ಯಾನೇಜರುಗಳೇ,

ನಮಸ್ಕಾರ. ನಾನು ಬರ್ನ್‌ನಲ್ಲಿ ಕೆಲಸ ಮಾಡಿಕೊಂಡಿರುವ ಕನ್ನಡಿಗ. ಬೇಸಿಗೆ ರಜೆ ಶುರುವಾಯಿತೆಂದರೆ ನೆಂಟರು, ನೆಂಟರ ಸ್ನೇಹಿತರು, ಆ ಸ್ನೇಹಿತರ ಬೀಗರು ಎಲ್ಲರೂ ಈ ಕಡೆ ಬರುತ್ತಾರೆ. ಬರಲಿ, ಖುಷಿಯೇ. ಅನ್ನ, ಸಾರು ಮಾಡಿ ಬಡಿಸುತ್ತೇವೆ. 2025ರ ಮೇ ಆದಮೇಲೆ ಊಟದ ಮಧ್ಯೆ ಒಂದು ಪ್ರಶ್ನೆ ತಪ್ಪದೆ ಬರುತ್ತಿದೆ. "ಅದೇನೋ ಒಂದು ಹಳ್ಳಿ ಮೇಲೆ ಹಿಮದ ಗುಡ್ಡವೇ ಬಿತ್ತಂತಲ್ಲ, ವಿಡಿಯೊ ನೋಡಿದ್ವಿ. ಮುನ್ನೂರೇ ಜನ ಅಂತೆ. ಕೋಟಿಗಟ್ಟಲೆ ಸುರಿದು ಮತ್ತೆ ಅಲ್ಲೇ ಊರು ಕಟ್ತಾರಂತೆ. ಇವರಿಗೇನು ಹುಚ್ಚಾ?"

ಊಟ ಮಾಡುತ್ತಾ ಉತ್ತರ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಈ ಪತ್ರ. ಕೊನೆಯಲ್ಲಿ ನಿಮ್ಮಿಂದ ಒಂದು ದಿನವನ್ನೂ ಕೇಳುವವನಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಜಾರು ಬೇಡ.

ಊರಿನ ಹೆಸರು ಬ್ಲಾಟೆನ್. ನೀವು ಇದರ ಹತ್ತಿರ ಆಗಲೇ ಬಂದು ಹೋಗಿರಬಹುದು. ಟೂರ್ ಪ್ಯಾಕೇಜ್ ಯಾವುದೇ ಇರಲಿ, ಯುಂಗ್‌ಫ್ರಾವ್‌ಯೋಖ್ ಇದ್ದೇ ಇರುತ್ತದೆ. 3,454 ಮೀಟರ್ ಎತ್ತರಕ್ಕೆ ರೈಲಿನಲ್ಲಿ ಹೋಗಿ, ಹಿಮದಲ್ಲಿ ಫೋಟೊ ತೆಗೆಸಿಕೊಂಡು, ಅಲ್ಲಿರುವ ಬಾಲಿವುಡ್ ಹೆಸರಿನ ಹೋಟೆಲಿನಲ್ಲಿ ಊಟ ಮಾಡಿ ಇಳಿಯುತ್ತೀರಿ. ಅಲ್ಲಿ ಮೇಲೆ ನಿಂತಾಗ ದಕ್ಷಿಣಕ್ಕೆ ಅಗಲವಾದ ಬಿಳಿ ರಸ್ತೆಯ ಹಾಗೆ ಇಳಿದು ಹೋಗುವುದು ಅಲೆಚ್ ಹಿಮನದಿ, ಆಲ್ಪ್ಸ್‌ನಲ್ಲೇ ಅತಿ ಉದ್ದನೆಯದು. ಅದರ ಮೇಲೆ ಸ್ವಲ್ಪ ದೂರ ಇಳಿದು, ಬಲಕ್ಕೆ ತಿರುಗಿ ಮೇಲೇರಿದರೆ ಲೊಚೆನ್‌ಲ್ಯೂಕೆ ಎಂಬ ಕಣಿವೆದಾರಿ ಸಿಗುತ್ತದೆ. ಅದರಾಚೆ ಇಳಿದರೆ ಲೊಚೆಂಟಾಲ್. ಸ್ಕೀ ಬಲ್ಲವರು ಬೆಳಿಗ್ಗೆ ಯುಂಗ್‌ಫ್ರಾವ್‌ಯೋಖ್‌ನಿಂದ ಹೊರಟು ಸಂಜೆಯೊಳಗೆ ಆ ಕಣಿವೆ ಸೇರುತ್ತಾರೆ. ಇಳಿದು ಬಂದವರಿಗೆ ಮೊದಲು ಸಿಗುತ್ತಿದ್ದ ದೊಡ್ಡ ಊರೇ ಬ್ಲಾಟೆನ್. ದೊಡ್ಡ ಊರು ಎಂದರೂ ಇದ್ದದ್ದು ಮುನ್ನೂರು ಜನ.

ಇದು ವಾಲೆ ರಾಜ್ಯದ ಕಣಿವೆ. ಫೆರ್ಡೆನ್, ಕಿಪ್ಪೆಲ್, ವೀಲರ್, ಬ್ಲಾಟೆನ್ ಎಂದು ನಾಲ್ಕೇ ಪಂಚಾಯಿತಿ. ಮಧ್ಯದಲ್ಲಿ ಲೊನ್ಜಾ ನದಿ. ಎರಡೂ ಕಡೆ ಮೂರು ಸಾವಿರ ಮೀಟರ್ ದಾಟಿದ ಬೆಟ್ಟಗಳು. ಅವುಗಳ ದೊರೆ 3,934 ಮೀಟರಿನ ಬೀಚ್‌ಹಾರ್ನ್. ಅಂದ ಹಾಗೆ, ಆ ನದಿಯ ಹೆಸರು ನಿಮ್ಮಲ್ಲಿ ಕೆಲವರಿಗೆ ಪರಿಚಯ ಇರುತ್ತದೆ. 1897ರಲ್ಲಿ ಈ ನದಿ ಬೆಟ್ಟ ಇಳಿದು ಬಯಲು ಸೇರುವ ಗಾಂಪೆಲ್‌ನಲ್ಲಿ, ಇದರ ನೀರಿನಿಂದ ವಿದ್ಯುತ್ ತೆಗೆದು ಒಂದು ಕಾರ್ಖಾನೆ ಶುರು ಮಾಡಿದರು. ನದಿಯ ಹೆಸರನ್ನೇ ಅದಕ್ಕಿಟ್ಟರು. ಅದೇ ಇವತ್ತಿನ ಲೊನ್ಜಾ ಕಂಪನಿ. ಕೊರೊನಾ ಕಾಲದಲ್ಲಿ ಮಾಡರ್ನಾ ಲಸಿಕೆಯ ಮೂಲದ್ರವ್ಯ ತಯಾರಾದ ಜಾಗಗಳಲ್ಲಿ ಪಕ್ಕದ ಫಿಸ್ಪ್ ಊರಿನ ಅವರ ಕಾರ್ಖಾನೆಯೂ ಒಂದು.

ಈಗ ಆ ದಿನದ ವಿಷಯಕ್ಕೆ ಬರುತ್ತೇನೆ. ವಿಡಿಯೊದಲ್ಲಿ ನೀವು ನೋಡಿದ್ದು ಕೊನೆಯ ಕೆಲವು ಕ್ಷಣ ಮಾತ್ರ.

ಊರಿನ ಮೇಲುಗಡೆ ಕ್ಲೈನೆಸ್ ನೆಸ್ಟ್‌ಹಾರ್ನ್ ಎಂಬ ಶಿಖರ. ಅದರ ಬುಡದಲ್ಲಿ ಬಿರ್ಖ್ ಎಂಬ ಸಣ್ಣ ಹಿಮನದಿ ನೇತಾಡುತ್ತಿತ್ತು. ಅದು ಆಗಾಗ ಹಿಮ ಉದುರಿಸುತ್ತದೆ ಎಂದು 1990ರ ದಶಕದಿಂದಲೇ ಅದರ ಮೇಲೆ ಕಣ್ಣಿಟ್ಟಿದ್ದರು. ಇನ್ನೂ ಒಂದು ವಿಚಿತ್ರ ಇತ್ತು. ಆಲ್ಪ್ಸ್‌ನ ಹಿಮನದಿಗಳೆಲ್ಲ ಕರಗಿ ಹಿಂದೆ ಸರಿಯುತ್ತಿವೆ. 2022 ಮತ್ತು 2023 ಎರಡೇ ವರ್ಷದಲ್ಲಿ ಸ್ವಿಸ್ ಹಿಮನದಿಗಳು ತಮ್ಮ ಹಿಮದ 10 ಶೇಕಡಾ ಕಳೆದುಕೊಂಡವು. ಬಿರ್ಖ್ ಮಾತ್ರ ಮುಂದಕ್ಕೆ ಬರುತ್ತಿತ್ತು. ಕಾರಣ ಮೇಲಿನಿಂದ ಉದುರುತ್ತಿದ್ದ ಕಲ್ಲು. ಕಲ್ಲಿನ ಹೊದಿಕೆಯಿಂದ ಹಿಮ ಬಿಸಿಲಿಗೆ ಕರಗಲಿಲ್ಲ, ಅದರ ಭಾರಕ್ಕೆ ಕೆಳಕ್ಕೂ ಜಾರತೊಡಗಿತು.

2025ರ ಮೇ ಮಧ್ಯದಲ್ಲಿ ಶಿಖರವೇ ಬಿರುಕು ಬಿಡತೊಡಗಿತು. ಮೇ 17ರಂದು ಊರಿನ ಒಂದು ಭಾಗವನ್ನು ಖಾಲಿ ಮಾಡಿಸಿದರು. ಮೇ 19ರಂದು ಎಲ್ಲರನ್ನೂ. ಮುನ್ನೂರು ಜನ ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಂಡು ಕೆಳಗಿನ ಊರುಗಳಿಗೆ ಹೋದರು. ದನ, ಕುರಿಗಳನ್ನೂ ಸಾಗಿಸಿದರು. ಕಾಲಿಗೆ ಪೆಟ್ಟಾಗಿ ನಡೆಯಲಾಗದ ಒಂದು ಹಸುವನ್ನು ಹೆಲಿಕಾಪ್ಟರಿಗೆ ತೂಗುಹಾಕಿ ಒಯ್ದರು. ಆ ಫೋಟೊ ನೋಡಿ ನಕ್ಕವರು ಎಷ್ಟೋ ಜನ. ಕೆಲವೇ ದಿನಗಳಲ್ಲಿ ಮನೆಗೆ ವಾಪಸ್ ಹೋಗುತ್ತೇವೆ ಎಂದೇ ತುಂಬಾ ಜನ ಅಂದುಕೊಂಡಿದ್ದರು.

ಆಮೇಲೆ ಬೆಟ್ಟ ಒಂದೇ ಸಲಕ್ಕೆ ಬೀಳಲಿಲ್ಲ. ಕಂತು ಕಂತಾಗಿ ಕಳಚಿ ಹಿಮನದಿಯ ಮೇಲೆ ಕೂತಿತು. ಸುಮಾರು 90 ಲಕ್ಷ ಟನ್ ಕಲ್ಲು. ಅಷ್ಟು ಭಾರ ಹೊತ್ತ ಹಿಮನದಿ ದಿನಕ್ಕೆ ಮೀಟರುಗಟ್ಟಲೆ ಜಾರಿತು. ಮೇ 28, ಬುಧವಾರ, ಮಧ್ಯಾಹ್ನ 3 ಗಂಟೆ 24 ನಿಮಿಷಕ್ಕೆ ಪೂರ್ತಿ ಕಿತ್ತುಕೊಂಡು ಬಂತು. ಭೂಕಂಪ ಅಳೆಯುವ ಯಂತ್ರಗಳಲ್ಲಿ ಅದು ದಾಖಲಾಯಿತು. ಹಿಮ, ಕಲ್ಲು, ಕೆಸರು ಕಣಿವೆಗೆ ಇಳಿದು, ಎದುರಿನ ಇಳಿಜಾರನ್ನೂ ಹತ್ತಿ ವಾಪಸ್ ಬಂತು. ಊರಿನ ಸುಮಾರು 90 ಶೇಕಡಾ ಮುಚ್ಚಿಹೋಯಿತು. ಚರ್ಚು ಹೋಯಿತು, ಸ್ಮಶಾನ ಹೋಯಿತು, 19ನೇ ಶತಮಾನದಲ್ಲಿ ಕಟ್ಟಿದ ನೆಸ್ಟ್ ಉಂಡ್ ಬೀಚ್‌ಹಾರ್ನ್ ಹೋಟೆಲ್ ಹೋಯಿತು. ರೀಡ್ ಎಂಬ ಕೇರಿಯೂ ಹೋಯಿತು. ರಾಶಿ ಲೊನ್ಜಾ ನದಿಗೆ ಅಡ್ಡ ಕೂತಿತು. ಹಿಂದೆ ನೀರು ನಿಂತು ಕೆರೆಯಾಯಿತು. ಅಷ್ಟರವರೆಗೆ ಉಳಿದಿದ್ದ ಮನೆಗಳು ಆ ನೀರಿನಲ್ಲಿ ಮುಳುಗಿದವು. ಮರದ ಮನೆಗಳಲ್ವಾ, ಕೆಲವು ತೇಲಿದವು.

ಖಾಲಿ ಮಾಡಿಸಿದ ಜಾಗದ ಹೊರಗಿದ್ದ ಒಬ್ಬರು ತೀರಿಕೊಂಡರು. ಮುನ್ನೂರು ಜನ ಬದುಕಿದರು. ಸುದ್ದಿವಾಹಿನಿಗಳಲ್ಲಿ ಇದನ್ನು ಪವಾಡ ಅಂದರು. ಪವಾಡ ಎಂಥದ್ದು? ಬಂಡೆಯ ಮೇಲೆ ರಾಡಾರ್ ಇಟ್ಟು ಕಾದವರು, "ಈಗಲೇ ಹೊರಡಿ" ಎಂದು ಹೇಳುವ ಧೈರ್ಯ ಮಾಡಿದವರು, ಹೇಳಿದಾಗ ಗೊಣಗದೆ ಹೊರಟವರು, ಇವರೆಲ್ಲ ಇದ್ದರು. ಹಿಂದೆ ಹೀಗೆ ಆಗುತ್ತಿರಲಿಲ್ಲ. 1806ರಲ್ಲಿ ಗೋಲ್ಡಾವ್ ಊರಿನ ಮೇಲೆ ಬೆಟ್ಟ ಜಾರಿದಾಗ 457 ಜನ ಸತ್ತರು.

ಬ್ಲಾಟೆನ್ ಹಾಳಾಗುವುದಕ್ಕೆ ಮುಂಚೆ ಹೇಗಿತ್ತು ಎಂದು ಸ್ವಲ್ಪ ಹೇಳುತ್ತೇನೆ. ಊರು ಮುಳುಗಿದ ಮೇಲೆಯೇ ಅದರ ಹೆಸರು ಕೇಳಿದವರಿಗೆ ಅದು ಬರೀ ಒಂದು ಅಪಘಾತದ ಹೆಸರಾಗಿಬಿಡುತ್ತದೆ.

ಹಿಂದೆ ಲೊಚೆಂಟಾಲ್ ಜನ ಬಡವರಾಗಿದ್ದರು. ರೈ ಎಂಬ ಧಾನ್ಯ, ಆಲೂಗಡ್ಡೆ, ದನ, ಕುರಿ, ಇಷ್ಟೇ. ನೂರಾರು ವರ್ಷ ಮೇಲಿನ ವಾಲೆಯ ಐದು ಜಿಲ್ಲೆಗಳ ಕೈಕೆಳಗಿದ್ದರು. 1790ರಲ್ಲಿ ಹಣ ಕೊಟ್ಟು ಬಿಡಿಸಿಕೊಂಡರು. ಫ್ರಾನ್ಸಿನ ಕ್ರಾಂತಿ ನಡೆಯುತ್ತಿದ್ದ ಕಾಲಕ್ಕೆ ಇವರು ಗದ್ದಲವಿಲ್ಲದೆ ದುಡ್ಡು ಎಣಿಸಿ ಸ್ವಾತಂತ್ರ್ಯ ಕೊಂಡರು. ಗಂಡಸರು ಕೂಲಿ ಸೈನಿಕರಾಗಿ ಪರದೇಶದ ರಾಜರ ಹತ್ತಿರ ಹೋಗುತ್ತಿದ್ದರು. ಅವರು ತಂದ ಸಮವಸ್ತ್ರ ಇನ್ನೂ ಇದೆ. ಪ್ರತಿ ವರ್ಷ ಜೂನ್ ಆಸುಪಾಸಿನ ಕ್ರೈಸ್ತ ಹಬ್ಬದ ಮೆರವಣಿಗೆಯಲ್ಲಿ ಕೆಂಪು ಕೋಟು, ಬಿಳಿ ಪ್ಯಾಂಟು, ತಲೆಗೆ ಎತ್ತರದ ರೋಮದ ಟೋಪಿ ಹಾಕಿಕೊಂಡು ರೈತರು, ಬಡಗಿಗಳು ಸೈನಿಕರ ಹಾಗೆ ಹೆಜ್ಜೆ ಹಾಕುತ್ತಾರೆ. ದೇವರ ಗ್ರೆನೇಡಿಯರುಗಳು ಎಂದು ಅವರಿಗೆ ಹೆಸರು.

ಹೊರಗಿನವರು ಇಲ್ಲಿಗೆ ಬಂದದ್ದು ತಡವಾಗಿ. 1859ರಲ್ಲಿ ಲೆಸ್ಲಿ ಸ್ಟೀಫನ್ ಎಂಬ ಇಂಗ್ಲಿಷ್‌ ಪಂಡಿತ, ವರ್ಜೀನಿಯಾ ವುಲ್ಫ್ ಅವರ ತಂದೆ, ಈ ಕಣಿವೆಯವರನ್ನೇ ದಾರಿ ತೋರಿಸಲು ಕರೆದುಕೊಂಡು ಬೀಚ್‌ಹಾರ್ನ್ ಹತ್ತಿದ. ಆಮೇಲೆ ರೈಲು ಬಂತು. ಲೊಚ್‌ಬರ್ಗ್ ಸುರಂಗ ಕೊರೆಯುವಾಗ 1908ರ ಫೆಬ್ರವರಿಯಲ್ಲಿ ಕಣಿವೆಯ ಬಾಯಿಯಲ್ಲಿರುವ ಗೊಪ್ಪೆನ್‌ಸ್ಟೈನ್‌ನಲ್ಲಿ ಹಿಮಪಾತಕ್ಕೆ 12 ಜನ ಬಲಿಯಾದರು. ಅದೇ ಜುಲೈನಲ್ಲಿ ಸುರಂಗದೊಳಗೆ ನೀರು, ಮರಳು ನುಗ್ಗಿ 25 ಕೆಲಸಗಾರರು ಸತ್ತರು, ಹೆಚ್ಚಿನವರು ಇಟಲಿಯವರು. ಆ ಜಾಗ ಬಿಟ್ಟು ಸುತ್ತು ಹಾಕಿ ಸುರಂಗ ಕೊರೆದರು, 1913ರಲ್ಲಿ ರೈಲು ಓಡಿತು. 1931ರಲ್ಲಿ ವೆಸ್ಟನ್ ಪ್ರೈಸ್ ಎಂಬ ಅಮೆರಿಕದ ಹಲ್ಲಿನ ಡಾಕ್ಟರು ಬಂದು ಇಲ್ಲಿನ ಮಕ್ಕಳ ಬಾಯಿ ತೆರೆಸಿ ನೋಡಿದರು. ಹುಳುಕು ಹಲ್ಲು ಅಪರೂಪ ಎಂದು ಬರೆದರು. ರೈ ರೊಟ್ಟಿ, ಚೀಸು, ಬೆಣ್ಣೆಯ ಮಹಿಮೆ ಎಂದು ಅವರ ತೀರ್ಮಾನ. ಸಕ್ಕರೆ ಕೊಳ್ಳಲು ದುಡ್ಡಿರಲಿಲ್ಲ ಎನ್ನುವುದೂ ಒಂದು ಕಾರಣ ಇರಬೇಕು, ನನ್ನ ಅನಿಸಿಕೆ.

ಮನೆಗಳನ್ನು ನೋಡಬೇಕಿತ್ತು ನೀವು. ಲಾರ್ಚ್ ಮರದ ದಪ್ಪ ತೊಲೆಗಳನ್ನು ಒಂದರ ಮೇಲೊಂದು ಕೂರಿಸಿ ಕಟ್ಟಿದವು. ನೂರಾರು ವರ್ಷದ ಬಿಸಿಲಿಗೆ ಕಪ್ಪಾಗಿರುತ್ತವೆ. ತೊಲೆಯ ಮೇಲೆ ಕಟ್ಟಿದ ವರ್ಷ, ಯಜಮಾನನ ಹೆಸರಿನ ಅಕ್ಷರ ಕೆತ್ತಿರುತ್ತಾರೆ. ಪಕ್ಕದಲ್ಲಿ ಕಣಜ. ಅದರ ನಾಲ್ಕೂ ಕಾಲಿನ ಮೇಲೆ ತಟ್ಟೆಯಂಥ ದುಂಡು ಚಪ್ಪಡಿ, ಇಲಿ ಹತ್ತಬಾರದು ಎಂದು. ಆಸ್ತಿಯನ್ನು ಎಲ್ಲ ಮಕ್ಕಳಿಗೂ ಸಮ ಪಾಲು ಮಾಡುವುದು ಇಲ್ಲಿನ ರೂಢಿ. ಗಂಡು ಹೆಣ್ಣು ಎಲ್ಲರಿಗೂ. ಹಾಗಾಗಿ ಒಂದೇ ಮನೆಗೆ, ಒಂದೇ ಕೊಟ್ಟಿಗೆಗೆ ಹಲವು ಪಾಲುದಾರರು, ಹೊಲ ಎಂದರೆ ಕರವಸ್ತ್ರದಷ್ಟಗಲ. ಈಗ ಮತ್ತೆ ಊರು ಕಟ್ಟಲು ಹೊರಟವರಿಗೆ ಇದು ಸಣ್ಣ ತಲೆನೋವಲ್ಲ. ಗಡಿಕಲ್ಲುಗಳೆಲ್ಲ ಹತ್ತಾರು ಮೀಟರ್ ಕೆಳಗೆ ಹೂತಿವೆ.

ಚೆಗ್ಗೆಟ್ಟೆ ವಿಷಯ ಹೇಳದಿದ್ದರೆ ಆಗುವುದಿಲ್ಲ. ಕಿಪ್ಪೆಲ್ ಊರಿನ ಮ್ಯೂಸಿಯಂನಲ್ಲಿ ಅವುಗಳನ್ನು ಹತ್ತಿರದಿಂದ ನೋಡಬಹುದು. ಪೈನ್ ಮರದ ತುಂಡನ್ನು ಕೆತ್ತಿ ಮಾಡಿದ ಮುಖವಾಡ. ಒಂದು ಕಣ್ಣು ಮೇಲೆ, ಒಂದು ಕೆಳಗೆ. ಮೂಗು ಸೊಟ್ಟ. ಬಾಯಿ ಕಿವಿಯವರೆಗೆ, ಅದರೊಳಗೆ ಸಾಲಾಗಿ ಹಸುವಿನ ನಿಜವಾದ ಹಲ್ಲು. ಮುಖಕ್ಕೆ ಮಸಿ. ತಲೆಯಿಂದ ಬೆನ್ನಿಗೆ ಇಳಿಬಿದ್ದ ಆಡಿನ ಚರ್ಮ. ಅದನ್ನು ಹಾಕಿಕೊಂಡವನು ಹಳೆಯ ಬಟ್ಟೆಯನ್ನು ತಿರುಗಾಮುರುಗಾ ತೊಟ್ಟು, ಹಿಂದೆ ಮುಂದೆ ತೊಗಲು ಸುತ್ತಿ, ಸೊಂಟಕ್ಕೆ ದನದ ದೊಡ್ಡ ಗಂಟೆ ಕಟ್ಟಿಕೊಳ್ಳುತ್ತಾನೆ. ಶೂ ನೋಡಿ ಗುರುತು ಹಿಡಿಯಬಾರದು ಎಂದು ಅದಕ್ಕೂ ಗೋಣಿ ಸುತ್ತುತ್ತಾನೆ. ಫೆಬ್ರವರಿ ಮೊದಲ ವಾರದಿಂದ ಕಾರ್ನಿವಲ್ (ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ಮೊದಲಿನ ಹಬ್ಬ) ಮುಗಿಯುವವರೆಗೆ ಇವು ಬೀದಿಗಿಳಿಯುತ್ತವೆ. ಕೈಗೆ ಸಿಕ್ಕವರ ಮುಖಕ್ಕೆ ಹಿಂದೆ ಮಸಿ ಬಳಿಯುತ್ತಿದ್ದವು, ಈಗ ಹಿಮ ತಿಕ್ಕುತ್ತವೆ. ಮೊದಲೆಲ್ಲ ಮದುವೆಯಾಗದ ಹುಡುಗರು ಮಾತ್ರ ಹಾಕುತ್ತಿದ್ದರು. ಪಾದ್ರಿಗಳು ನಿಲ್ಲಿಸಲು ನೋಡಿ ಸೋತರು. ಭೂತ, ಕೋಲ ಕಂಡ ಕರಾವಳಿಯವರು ಇಲ್ಲಿ ಬಂದರೆ ನನಗಿಂತ ಚೆನ್ನಾಗಿ ಮಾತಾಡಬಲ್ಲರು. ಇಲ್ಲಿ ಮಾತ್ರ ಯಾರಿಗೂ ಮೈಮೇಲೆ ಬರುವುದಿಲ್ಲ, ಬರೀ ಕಿತಾಪತಿ. ಕಾರ್ನಿವಲ್‌ನ ಗುರುವಾರ ರಾತ್ರಿ ಎಲ್ಲ ಚೆಗ್ಗೆಟ್ಟೆಗಳೂ ಸೇರಿ ಗಂಟೆ ಬಡಿಯುತ್ತಾ ಕಣಿವೆಯುದ್ದಕ್ಕೂ ಇಳಿಯುವ ಓಟ ಇದೆ. ಅದು ಹೊರಡುತ್ತಿದ್ದದ್ದು ಬ್ಲಾಟೆನ್‌ನಿಂದ.

ಈಗ ದುಡ್ಡಿನ ವಿಷಯ. ನಿಮ್ಮ ಪ್ರಶ್ನೆ ಅದೇ ಅಲ್ವಾ.

ವಿಮಾ ಕಂಪನಿಗಳ ಅಂದಾಜಿನ ಪ್ರಕಾರ ನಷ್ಟ ಸುಮಾರು 32 ಕೋಟಿ ಫ್ರಾಂಕ್. ಫ್ರಾಂಕಿಗೆ ನೂರು ರೂಪಾಯಿ ಎಂದು ಕಡಿಮೆ ಹಿಡಿದರೂ 3,200 ಕೋಟಿ ರೂಪಾಯಿ. ಮುನ್ನೂರರಿಂದ ಭಾಗಿಸಿದರೆ ತಲೆಗೆ ಹತ್ತು ಕೋಟಿ ದಾಟುತ್ತದೆ. ಈ ಲೆಕ್ಕ ಕೇಳಿ ನಮ್ಮವರು ಮಾತ್ರ ಅಲ್ಲ, ಇಲ್ಲಿನ ಪೇಟೆಯವರೂ ಹುಬ್ಬೇರಿಸಿದರು. ಊರು ಬಿದ್ದ ಕೆಲವೇ ದಿನಗಳಲ್ಲಿ, ಇಂಥ ಬೆಟ್ಟದ ಊರುಗಳಿಗೆ ಇನ್ನೆಷ್ಟು ಖರ್ಚು ಮಾಡಬೇಕು ಎಂದು ಪತ್ರಿಕೆಗಳಲ್ಲಿ ಚರ್ಚೆ ಎದ್ದಿತು. ಇನ್ನೂ ಮನೆಯ ಕೀ ಜೇಬಿನಲ್ಲೇ ಇದ್ದವರಿಗೆ ಅದನ್ನು ಓದಿ ಹೇಗಾಗಿರಬೇಡ.

ಆದರೆ ಭಾಗಾಕಾರವೇ ತಪ್ಪು. ಆ 32 ಕೋಟಿಯಲ್ಲಿ ಹೋಟೆಲುಗಳೂ ಇವೆ, ಬೇರೆ ಊರಿನವರ ರಜಾ ಮನೆಗಳೂ ಇವೆ. ಅದಕ್ಕಿಂತ ಮುಖ್ಯ, ಅದು ಯಾರೋ ಕೊಟ್ಟ ದಾನ ಅಲ್ಲ, ಕಟ್ಟಿದ ಪ್ರೀಮಿಯಮ್‌ಗೆ ಬಂದ ಹಣ. ಇಲ್ಲಿನ ಪದ್ಧತಿ ನನಗೆ ತುಂಬಾ ಇಷ್ಟ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸ್ವಿಟ್ಜರ್ಲೆಂಡಿನಲ್ಲಿ ಖಾಸಗಿ ಕಂಪನಿಯಲ್ಲಿ ಬೆಂಕಿ ವಿಮೆ ಮಾಡಿಸಿದರೆ ಅದರ ಜೊತೆ ಪ್ರಕೃತಿ ವಿಕೋಪದ ವಿಮೆ ಕಾನೂನಿನ ಪ್ರಕಾರ ಸೇರಿಯೇ ಬರುತ್ತದೆ. ನೆರೆ, ಬಿರುಗಾಳಿ, ಆಲಿಕಲ್ಲು, ಹಿಮಪಾತ, ಬಂಡೆ ಕುಸಿತ, ಭೂಕುಸಿತ ಎಲ್ಲ ಅದರಲ್ಲಿ. ದರ ಎಲ್ಲರಿಗೂ ಒಂದೇ. ಜಿನೀವಾದ ಸರೋವರದ ಪಕ್ಕದ ಫ್ಲ್ಯಾಟಿಗೂ ಬ್ಲಾಟೆನ್‌ನ ಮರದ ಮನೆಗೂ ಒಂದೇ. ಬೆಟ್ಟದ ಕೆಳಗಿದ್ದೀಯ, ನೀನು ಜಾಸ್ತಿ ಕಟ್ಟು ಎಂದು ಯಾರೂ ಹೇಳುವಂತಿಲ್ಲ. ಬರ್ನ್‌ನಲ್ಲಿ ನನ್ನ ಮನೆಯ ಸಾಮಾನಿಗೆ ನಾನು ಕಟ್ಟುವ ವಿಮೆಯಲ್ಲೂ ಅದೇ ಬಾಬತ್ತಿನ ಒಂದು ಪಾಲಿದೆ. ನೆಂಟರು "ಹುಚ್ಚಾ ಇವರಿಗೆ" ಅಂದಾಗ ನನಗೆ ಒಳಗೊಳಗೆ ನಗು ಬರುತ್ತದೆ. ಅವರು ಕೂತ ಸೋಫಾದ ವಿಮೆಯಿಂದಲೂ ಎಷ್ಟೋ ಪೈಸೆ ಆ ಕಣಿವೆಗೆ ಹೋಗಿದೆ. ಹೋಗಲಿ. ನಾಳೆ ಆರೆ ನದಿ ಉಕ್ಕಿ ಬರ್ನ್‌ನಲ್ಲಿ ಮನೆಗಳಿಗೆ ನುಗ್ಗಿದರೆ ಬೆಟ್ಟದವರು ಕಟ್ಟಿದ ಹಣ ಇಲ್ಲಿಗೆ ಬರುತ್ತದೆ.

ಸರ್ಕಾರದ ಹಣವೂ ಬಂದಿದೆ. ಕೇಂದ್ರ ಸರ್ಕಾರ ತಕ್ಷಣಕ್ಕೆ 50 ಲಕ್ಷ ಫ್ರಾಂಕ್ ಕೊಟ್ಟಿತು. ಬೇರೆ ಊರುಗಳು, ಸಾಮಾನ್ಯ ಜನ ಕೂಡ ಕೊಟ್ಟರು. ರಸ್ತೆ, ನದಿ, ನೀರಿನ ಪೈಪು, ಇವುಗಳಿಗೆ ಮುಂದೆ ದೊಡ್ಡ ಮೊತ್ತವೇ ಬೇಕು. ಅಲ್ಲಿ ಪ್ರಶ್ನೆ ಕೇಳುವ ಹಕ್ಕು ತೆರಿಗೆ ಕಟ್ಟುವವರಿಗೆ ಇದೆ, ಇಲ್ಲ ಅನ್ನಲಾರೆ.

ಹಾಗಾದರೆ ಮುನ್ನೂರು ಜನಕ್ಕೆ ಫಿಸ್ಪ್‌ನಲ್ಲೋ ಬ್ರಿಗ್‌ನಲ್ಲೋ ಚಂದದ ಫ್ಲ್ಯಾಟ್ ಕೊಟ್ಟರೆ ಮುಗಿಯಲಿಲ್ಲವೇ? ನಮ್ಮವರಿಗೆ ಅರ್ಥವಾಗದ ಗಂಟು ಇಲ್ಲೇ ಇರುವುದು. ಈ ದೇಶ ಕೆಳಗಿನಿಂದ ಕಟ್ಟಿದ್ದು. ಮೊದಲು ಊರು, ಆಮೇಲೆ ರಾಜ್ಯ, ಆಮೇಲೆ ದೇಶ. ಆದಾಯ ತೆರಿಗೆಯಲ್ಲಿ ಮೂವರಿಗೂ ಪಾಲು, ಊರಿಗೂ ಸೇರಿ. ಕುಡಿಯುವ ನೀರು, ಶಾಲೆ, ಮನೆ ಕಟ್ಟುವ ಪರವಾನಗಿ, ಊರೊಳಗಿನ ರಸ್ತೆ ಎಲ್ಲ ಊರಿನ ಕೈಯಲ್ಲಿ. ವಾಲೆಯ ಸಣ್ಣ ಊರುಗಳಲ್ಲಿ ಇದನ್ನೆಲ್ಲ ತೀರ್ಮಾನ ಮಾಡುವುದು ಗ್ರಾಮಸಭೆ. ಮತದ ಹಕ್ಕಿರುವ ಎಲ್ಲರೂ ವರ್ಷಕ್ಕೆ ಎರಡು ಸಲವಾದರೂ ಸೇರಬೇಕು. ಬಜೆಟ್ ಓದುತ್ತಾರೆ, ಜಗಳ ಆಡುತ್ತಾರೆ, ಕೈ ಎತ್ತುತ್ತಾರೆ, ಆಮೇಲೆ ಒಟ್ಟಿಗೆ ವೈನ್ ಕುಡಿಯುತ್ತಾರೆ. ಸಣ್ಣ ಊರಿನ ಅಧ್ಯಕ್ಷರಿಗೆ ಸಾಮಾನ್ಯವಾಗಿ ಬೇರೆ ಉದ್ಯೋಗವೂ ಇರುತ್ತದೆ. ಅಧ್ಯಕ್ಷಗಿರಿ ಸಂಜೆಯ ಕೆಲಸ.

ಇನ್ನೊಂದು ವಿಷಯ. ಸ್ವಿಸ್ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಇರುವುದಿಲ್ಲ. ಮೂಲ ಊರು ಇರುತ್ತದೆ, ಅಜ್ಜ ಮುತ್ತಜ್ಜನ ಊರು. ಜ್ಯೂರಿಕ್‌ನಲ್ಲಿ ಹುಟ್ಟಿ ಬೆಳೆದವರ, ಅಲ್ಲಿಗೆ ಒಮ್ಮೆಯೂ ಹೋಗದವರ ಪಾಸ್‌ಪೋರ್ಟಿನಲ್ಲೂ ಬ್ಲಾಟೆನ್ ಎಂದು ಬರೆದಿರಬಹುದು. ನಮ್ಮವರು ಯಾರಾದರೂ ಇಲ್ಲಿನ ಪೌರತ್ವ ತೆಗೆದುಕೊಂಡರೆ ಅವರೂ ಮೊದಲು ಒಂದು ಊರಿನ ಪ್ರಜೆ ಆಗಬೇಕು, ಆ ಊರಿನ ಹೆಸರೇ ಅವರ ಪಾಸ್‌ಪೋರ್ಟಿಗೆ, ಅವರ ಮಕ್ಕಳ ಪಾಸ್‌ಪೋರ್ಟಿಗೆ. ಬೆಂಗಳೂರಿನಲ್ಲಿ ಹುಟ್ಟಿದವರ ಮೂಲ ಊರು ಕೂಡ ಕಾಗದದ ಮೇಲೆ ಯಾವುದೋ ಸ್ವಿಸ್ ಹಳ್ಳಿ ಆಗುತ್ತದೆ. ನನಗೆ ಇದು ಒಂದೊಂದು ಸಲ ತಮಾಷೆಯಾಗಿ ಕಾಣುತ್ತದೆ. ಆದರೂ ಬ್ಲಾಟೆನ್ ಅಧ್ಯಕ್ಷ ಮಥಿಯಾಸ್ ಬೆಲ್‌ವಾಲ್ಡ್ ಅವತ್ತು ಸಂಜೆ ಮಾಧ್ಯಮದ ಮುಂದೆ ಕೂತು, ಊರು ಹೋಯಿತು, ಹೃದಯ ಹೋಗಿಲ್ಲ ಎಂಬ ಅರ್ಥದ ಮಾತು ಹೇಳಿದಾಗ ಅದು ಬಾಯುಪಚಾರದ ಮಾತಾಗಿರಲಿಲ್ಲ. ಮನೆಗಳು ಹೋದರೂ ಪಂಚಾಯಿತಿ ಇತ್ತು, ಸಭೆ ಇತ್ತು, ಮತದಾರರ ಪಟ್ಟಿ ಇತ್ತು. ಮರುದಿನದಿಂದಲೇ ತೀರ್ಮಾನ ತೆಗೆದುಕೊಳ್ಳಲು ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಜನರನ್ನು ಬೇರೆ ಬೇರೆ ಪೇಟೆಗಳಿಗೆ ಹಂಚಿದ್ದರೆ ಇದು ಅಲ್ಲಿಗೇ ಮುಗಿಯುತ್ತಿತ್ತು. ಬಹುಪಾಲು ಜನ ಕಣಿವೆಯಲ್ಲೇ, ವೀಲರ್, ಕಿಪ್ಪೆಲ್, ಫೆರ್ಡೆನ್‌ನ ರಜಾ ಮನೆಗಳಲ್ಲಿ ಉಳಿದರು. ಆ ಕುಸಿತಕ್ಕೆ ಸಿಗದ ಐಸ್ಟೆನ್, ವೈಸೆನ್‌ರೀಡ್ ಎಂಬ ಬ್ಲಾಟೆನ್‌ನ ಕೇರಿಗಳು ಇನ್ನೂ ನಿಂತಿವೆ. ಮೊದಲು ಅಲ್ಲಿಗೆ ರಸ್ತೆ, ನೀರು, ಕರೆಂಟು. ಆಮೇಲೆ 2030ರ ಹೊತ್ತಿಗೆ ಊರಿನ ಮಧ್ಯಭಾಗ. ಇದು ಅವರು ಹಾಕಿಕೊಂಡ ಗುರಿ.

ನನಗೂ ಅನುಮಾನಗಳಿವೆ. ಬೆಟ್ಟದ ಮೇಲೆ ಇನ್ನೂ ಸಡಿಲ ಕಲ್ಲಿದೆ. ಬಂಡೆಗಳನ್ನು ಅಂಟಿನ ಹಾಗೆ ಹಿಡಿದಿಟ್ಟಿದ್ದ ಒಳಗಿನ ಮಂಜುಗಡ್ಡೆ ಬಿಸಿಗೆ ಸಡಿಲವಾಗುತ್ತಿದೆ. ಈ ಕುಸಿತಕ್ಕೆ ಹವಾಮಾನ ಎಷ್ಟು ಕಾರಣ, ಬೆಟ್ಟದ ಸ್ವಭಾವ ಎಷ್ಟು ಕಾರಣ ಎಂದು ವಿಜ್ಞಾನಿಗಳು ಅಳೆದು ಮಾತಾಡುತ್ತಾರೆ. ಇಲ್ಲಿನ ಅಪಾಯದ ನಕ್ಷೆಯಲ್ಲಿ ಕೆಂಪು ಬಣ್ಣದ ಜಾಗದಲ್ಲಿ ಹೊಸ ಮನೆ ಕಟ್ಟುವ ಹಾಗಿಲ್ಲ. ಆ ಕೆಂಪು ಎಲ್ಲಿಯವರೆಗೆ ಎಂಬುದರ ಮೇಲೆ ಊರು ಎಲ್ಲಿ ಎಂಬುದು ನಿಂತಿದೆ. ಅಂಗಳ ಸಹಿತ ಹಳೆಯ ಊರೇ ವಾಪಸ್ ಬರುತ್ತದೆ ಎಂದು ಯಾರಾದರೂ ಅಂದುಕೊಂಡಿದ್ದರೆ ಅದು ಆಗದ ಮಾತು. ನನ್ನ ಮಟ್ಟಿಗೆ, ಎಲ್ಲಿ ಕಟ್ಟಬಾರದು ಎಂದು ಹೇಳುವುದು ಭೂವಿಜ್ಞಾನಿಗಳ ಕೆಲಸ. ಕಟ್ಟಬೇಕೋ ಬೇಡವೋ ಎಂದು ಹೇಳುವುದು ಆ ಸಭೆಯ ಕೆಲಸ. ಊಟಕ್ಕೆ ಬಂದ ನಮ್ಮ ನೆಂಟರದ್ದೂ ಅಲ್ಲ, ನನ್ನದೂ ಅಲ್ಲ.

ಬೇರೆ ಊರುಗಳು ಬೇರೆ ಬೇರೆ ದಾರಿ ಹಿಡಿದಿವೆ. ಇದೇ ವಾಲೆಯ ಗೊಂಡೊ ಊರಿನಲ್ಲಿ 2000ದ ಅಕ್ಟೋಬರಿನಲ್ಲಿ ಭೂಕುಸಿತಕ್ಕೆ 13 ಜನ ಸತ್ತರು, ಊರು ಎರಡು ಹೋಳಾಯಿತು. ಅವರು ಅಲ್ಲೇ ಮತ್ತೆ ಕಟ್ಟಿಕೊಂಡರು. ಪೂರ್ವದ ಬ್ರಿಯೆನ್ಜ್ ಎಂಬ ಹಳ್ಳಿಯನ್ನು 2023ರ ಮೇನಲ್ಲಿ ಖಾಲಿ ಮಾಡಿಸಿದರು. ಜೂನ್‌ನಲ್ಲಿ ಬೆಟ್ಟ ಬಂದು ಊರಿನ ಹೊಸ್ತಿಲಲ್ಲಿ ನಿಂತಿತು. 2024ರ ನವೆಂಬರ್‌ನಲ್ಲಿ ಮತ್ತೆ ಖಾಲಿ. ಕಾಲಿನ ಕೆಳಗಿನ ನೆಲವೇ ಜಾರುವ ಊರು ಅದು, ಅಲ್ಲಿಯವರು ಬೇರೆ ಕಡೆ ಹೋಗುವ ಮಾತೂ ಆಡುತ್ತಿದ್ದಾರೆ. ಇನ್ನು ದಕ್ಷಿಣದ ಕೊರಿಪ್ಪೊ. ಅದಕ್ಕೆ ಯಾವ ಬೆಟ್ಟವೂ ಬೀಳಲಿಲ್ಲ. ಜನ ಒಬ್ಬೊಬ್ಬರಾಗಿ ಪೇಟೆಗೆ ಹೋಗಿ ಹೋಗಿ ಹತ್ತು ಹನ್ನೆರಡು ಮಂದಿ ಉಳಿದರು. ದೇಶದ ಅತಿ ಸಣ್ಣ ಪಂಚಾಯಿತಿ ಎಂಬ ಹೆಸರು ಬಂತು, 2020ರಲ್ಲಿ ಪಕ್ಕದ ಊರುಗಳ ಜೊತೆ ವಿಲೀನವೂ ಆಯಿತು. 1990ರಲ್ಲಿ ಮೂರು ಸಾವಿರಕ್ಕೂ ಹೆಚ್ಚಿದ್ದ ಸ್ವಿಸ್ ಪಂಚಾಯಿತಿಗಳು ಈಗ ಸುಮಾರು 2,100. ಹೆಚ್ಚಿನವು ಹೀಗೆ ಸದ್ದಿಲ್ಲದೆ ಹೋದವು, ಯಾರೂ ವಿಡಿಯೊ ಮಾಡಲಿಲ್ಲ. ಬ್ಲಾಟೆನ್‌ನವರಿಗೆ ಇದು ಚೆನ್ನಾಗಿ ಗೊತ್ತು. ಐದು ವರ್ಷಕ್ಕಿಂತ ಜಾಸ್ತಿ ಹೊರಗೆ ಉಳಿದರೆ ಮಕ್ಕಳು ಬೇರೆ ಕಡೆ ಬೇರು ಬಿಡುತ್ತಾರೆ. ಅವರ ಆತುರಕ್ಕೆ ಅದೇ ಕಾರಣ, ಹುಚ್ಚಲ್ಲ.

ಈಗ ನಾನು ಕೇಳಬೇಕು ಎಂದಿದ್ದ ದಿನದ ವಿಷಯ.

ಇಂಟರ್‌ಲಾಕೆನ್‌ನಲ್ಲಿ ಎರಡು ಮೂರು ರಾತ್ರಿ ಇರುತ್ತೀರಲ್ಲ, ಅದರಲ್ಲಿ ಒಂದು ದಿನ ಲೊಚೆಂಟಾಲ್‌ಗೆ ಕೊಡಿ. ಸ್ಪೀಟ್ಸ್‌ಗೆ ಬಂದು, ಬ್ರಿಗ್ ಕಡೆ ಹೋಗುವ ಹಳೆಯ ಬೆಟ್ಟದ ದಾರಿಯ ರೈಲು ಹತ್ತಿ. 2007ರಲ್ಲಿ ತೆರೆದ ಕೆಳಗಿನ ಉದ್ದ ಸುರಂಗದ ರೈಲು ಹತ್ತಿದರೆ 34 ಕಿಲೋಮೀಟರ್ ಕತ್ತಲು ಬಿಟ್ಟು ಏನೂ ಕಾಣುವುದಿಲ್ಲ, ಗೊಪ್ಪೆನ್‌ಸ್ಟೈನ್‌ನಲ್ಲಿ ನಿಲ್ಲುವುದೂ ಇಲ್ಲ. ಕಾಂಡರ್‌ಸ್ಟೆಗ್ ಮೇಲೆ ಹೋಗುವ ರೈಲಿನಲ್ಲಿ ಕಿಟಕಿ ಪಕ್ಕ ಕೂತು, ಸುರಂಗ ದಾಟಿದ ತಕ್ಷಣ ಗೊಪ್ಪೆನ್‌ಸ್ಟೈನ್‌ನಲ್ಲಿ ಇಳಿಯಿರಿ. ಹೊರಗೆ ಹಳದಿ ಅಂಚೆ ಬಸ್ಸು ನಿಂತಿರುತ್ತದೆ. ನಿಮ್ಮ ಸ್ವಿಸ್ ಟ್ರಾವೆಲ್ ಪಾಸ್ ಅದಕ್ಕೂ ನಡೆಯುತ್ತದೆ. ಕಿಪ್ಪೆಲ್‌ನಲ್ಲಿ ಮ್ಯೂಸಿಯಂ ನೋಡಿ. ಅಲ್ಲಿ ಆಲ್ಬರ್ಟ್ ನೀಫೆಲರ್ ಎಂಬ ಚಿತ್ರಕಾರರ ಕೆಲಸ ಇದೆ, ಹೊರಗಿನಿಂದ ಬಂದು ಕಿಪ್ಪೆಲ್‌ನಲ್ಲೇ ನೆಲೆಸಿದವರು. ಹಳೆಯ ಕಾಲದ ಕಣಿವೆಯ ಜನ, ಮನೆ, ಹಬ್ಬ ಎಲ್ಲವನ್ನೂ ಫೋಟೊದಲ್ಲಿ ಹಿಡಿದಿಟ್ಟಿದ್ದಾರೆ. ವೀಲರ್‌ನಿಂದ ಲೌಖೆರ್ನ್‌ಆಲ್ಪ್‌ಗೆ ಕೇಬಲ್ ಕಾರ್ ಇದೆ. ಟೂರಿನವರೆಲ್ಲ ಹೋಗುವ ಟಿಟ್ಲಿಸ್ ಬೆಟ್ಟದಷ್ಟು ಜನಜಂಗುಳಿ ಇರುವುದಿಲ್ಲ. ಮೇಲೆ ನಿಂತರೆ ಬೀಚ್‌ಹಾರ್ನ್ ಎದುರಿಗೇ.

ಅಲ್ಲಿ ಊಟ ಮಾಡಿ. ಚೀಸ್, ರೈ ಬ್ರೆಡ್ ಕೊಂಡುಕೊಳ್ಳಿ. ಸಸ್ಯಾಹಾರಿಗಳಿಗೆ ಹೆಚ್ಚು ಆಯ್ಕೆ ಇಲ್ಲ, ಕರಗಿಸಿದ ಚೀಸ್ ಮತ್ತು ಬೇಯಿಸಿದ ಆಲೂಗಡ್ಡೆ ಸಿಗುತ್ತದೆ, ಹಸಿದವರಿಗೆ ಅದು ಸಾಕಷ್ಟಾಯಿತು. ನೀವು ಖರ್ಚು ಮಾಡುವ ಫ್ರಾಂಕ್ ಆ ಕಣಿವೆಯಲ್ಲಿ ಉಳಿಯುತ್ತದೆ. ಊರು ಬಿದ್ದ ಮೇಲೆ ಪ್ರವಾಸಿಗರು ಹೆದರಿ ಇಡೀ ಕಣಿವೆಗೇ ಬರುವುದು ಬಿಟ್ಟರೆ ಮಿಕ್ಕ ಮೂರು ಊರೂ ಸೊರಗುತ್ತವೆ.

ದಯವಿಟ್ಟು ಒಂದು ಕೆಲಸ ಮಾತ್ರ ಮಾಡಬೇಡಿ. ಕಲ್ಲುಮಣ್ಣಿನ ರಾಶಿಯ ಮುಂದೆ ನಿಂತು ಸೆಲ್ಫಿ ತೆಗೆಯಬೇಡಿ, ಡ್ರೋನ್ ಹಾರಿಸಬೇಡಿ, ಮುಚ್ಚಿರುವ ದಾರಿಯ ತಡೆ ದಾಟಬೇಡಿ. ಅದರ ಕೆಳಗೆ ಅವರ ಅಡುಗೆಮನೆಗಳಿವೆ, ಅವರ ಹಿರಿಯರ ಸಮಾಧಿಗಳಿವೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಜ್ಜಿ ಅಲ್ಲಿಯವರೇ ಇರಬಹುದು. "ಗುಟೆನ್ ಟಾಗ್" (ನಮಸ್ಕಾರ) ಎಂದು ಹೇಳಿ ನಕ್ಕರೆ ಅವರೂ ನಗುತ್ತಾರೆ. ಅಲ್ಲಿನ ಜರ್ಮನ್ ಭಾಷೆ ಜ್ಯೂರಿಕ್‌ನವರಿಗೇ ಅರ್ಥವಾಗುವುದು ಕಷ್ಟ, ನಿಮಗೆ ಆಗದಿದ್ದರೆ ನಾಚಿಕೆ ಬೇಡ.

ಟೂರ್ ಮ್ಯಾನೇಜರುಗಳಿಗೆ ಒಂದು ಮಾತು. ಐವತ್ತು ಜನರ ಬಸ್ಸನ್ನು ಅಲ್ಲಿಗೆ ತರಬೇಡಿ. ರಸ್ತೆ ಕಿರಿದು, ಆ ಊರುಗಳಿಗೂ ಅಷ್ಟು ಜನರನ್ನು ತಡೆದುಕೊಳ್ಳುವ ಶಕ್ತಿ ಇಲ್ಲ. ಬದಲಿಗೆ ಒಂದು ದಿನವನ್ನು "ನಿಮ್ಮಿಷ್ಟ" ಎಂದು ಖಾಲಿ ಬಿಡಿ. ಹೋಗುವವರು ನಾಲ್ಕೈದು ಜನ ಸೇರಿ ಹೋಗುತ್ತಾರೆ. ಹಿಮಗಾಲದಲ್ಲಿ ಹೋಗುವವರು ಮಾತ್ರ ಮೊದಲು ಹವಾಮಾನ ನೋಡಿ ಹೊರಡಬೇಕು. 1999ರ ಫೆಬ್ರವರಿಯಲ್ಲಿ ಹಿಮಪಾತದಿಂದ ಆ ಇಡೀ ಕಣಿವೆಗೆ ದಾರಿಯೇ ಇರಲಿಲ್ಲ. ಬೇಸಿಗೆಯಲ್ಲಿ ಆ ಚಿಂತೆ ಇಲ್ಲ. ಆದರೆ ಸಂಜೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಇಳಿದ ಕೂಡಲೇ ಸ್ಟಾಪಿನ ಬೋರ್ಡಿನಲ್ಲಿ ನೋಡಿಟ್ಟುಕೊಳ್ಳಿ. ಅಲ್ಲಿ ಟ್ಯಾಕ್ಸಿ ಸುಮ್ನೆ ಕಾಯುತ್ತಾ ನಿಂತಿರುವುದಿಲ್ಲ.

ಇಂತಿ ನಿಮ್ಮವ,
ಬರ್ನ್‌ನಲ್ಲಿರುವ ಒಬ್ಬ ಕನ್ನಡಿಗ